ಕೆಂಪು ವೈರು, ಕಪ್ಪು ವೈರು

ಆ ವಿಡಿಯೋವನ್ನು ನನಗೆ ತೋರಿಸಿದ್ದು ಹಿರೇಕೊಡಿಗೆಯಿಂದ ಬಂದ ಗಿರಾಕಿಯೊಬ್ಬರು. ಅವರಿಗೆ ನನ್ನ ಮೇಲಾಗಲಿ, ವಿಡಿಯೋದಲ್ಲಿದ್ದವನ ಮೇಲಾಗಲಿ ಯಾವ ದ್ವೇಷವೂ ಇರಲಿಲ್ಲ. ಅವರ ಮೊಬೈಲಿನ ಸ್ಪೀಕರು ಹೋಗಿತ್ತು, ಹೊಸದು ಹಾಕಿಕೊಟ್ಟಿದ್ದೆ. "ಯಾವುದಾದ್ರೂ ಒಂದು ಹಾಕಿ ನೋಡಿ, ಕೇಳ್ತದಾ ಅಂತ" ಎಂದೆ. ಅವರು ಕೈಗೆ ಸಿಕ್ಕಿದ್ದನ್ನು ಒತ್ತಿದರು.

ಪರದೆಯ ಮೇಲೆ ನನ್ನ ಹಳೆಯ ಗೆಳೆಯ ಕೂತಿದ್ದ. ಶೃಂಗೇರಿಯವನು, ಮದುವೆ, ಉಪನಯನಗಳ ವಿಡಿಯೋ ತೆಗೆಯುವುದು ಅವನ ಕಸುಬು. ಅವನು ನರಸಿಂಹರಾಜಪುರದಲ್ಲಿ ಒಂದು ಹಳೆಯ ಅಕ್ಕಿ ಗಿರಣಿ ಹಿಡಿದು ಅದನ್ನು ಸಂಗೀತ ಕೇಳುವ ಜಾಗ ಮಾಡಿದ್ದಾನೆ, ಭಾನುವಾರ ಮಧ್ಯಾಹ್ನ ಪೇಟೆಯ ಜನ ಕಾರು ಮಾಡಿಕೊಂಡು ಬಂದು ಹಾಸಿಗೆ ಮೇಲೆ ಮಲಗಿ ಇಡೀ ಆಲ್ಬಂ ಕೇಳಿ ಹೋಗುತ್ತಾರೆ ಎಂದು ನನ್ನ ಕಿವಿಗೂ ಬಿದ್ದಿತ್ತು. ಅವನ ಬೆನ್ನ ಹಿಂದೆ ನಾನೇ ಮಾಡಿಕೊಟ್ಟ ಎರಡು ಸ್ಪೀಕರುಗಳು ನಿಂತಿದ್ದವು.

ಸಂದರ್ಶನ ಮಾಡುತ್ತಿದ್ದ ಹೆಂಗಸು, "ಈ ಸ್ಪೇಸ್ ರಾಕ್ ಸಂಗೀತದ ಹುಚ್ಚು ಮಲೆನಾಡಿನ ಮೂಲೆಗೆ ಹೇಗೆ ಬಂತು ಸರ್?" ಎಂದು ಕೇಳಿದಳು.

"ಒಬ್ನೇ ಕೂತು ಕೇಳಿ ಕೇಳಿ ಕಲ್ತದ್ದು" ಎಂದ ಅವನು. "ಜೊತೆಗೆ ಯಾರೂ ಇರ್ಲಿಲ್ಲ. ಕೊಪ್ಪದಲ್ಲಿ ಒಬ್ಳು ರೇಡಿಯೋ ರಿಪೇರಿಯವಳು ಇದ್ಳು. ಅವಳ ಅಂಗಡೀಲಿ ಒಂದ್ಸಲ ಹಾಕಿ ತೋರ್ಸಿದೆ. ಇಪ್ಪತ್ತು ನಿಮಿಷ ಸುಮ್ನೆ ಕೂತಿದ್ದು ಆಮೇಲೆ ಕೇಳ್ತಾಳೆ, 'ಎಂತ ಮಾರಾಯ, ಹಾಡೋರು ಯಾವಾಗ ಬರ್ತಾರೆ?' ಅಂತ!"

ಆ ಹೆಂಗಸು ಬಿದ್ದು ಬಿದ್ದು ನಕ್ಕಳು. ನನ್ನ ಗಿರಾಕಿಯೂ ನಕ್ಕರು. "ಚೆನ್ನಾಗಿ ಕೇಳ್ತದೆ" ಎಂದು ಮೊಬೈಲನ್ನು ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದು ಹೋದರು.

ಆ ಪ್ರಶ್ನೆ ಕೇಳಿದ್ದು ಅವನು. ನಾನಲ್ಲ.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರದ ಮಹಡಿಯ ಆ ಅಂಗಡಿ ಮೊದಲು ಅಪ್ಪನದು. ರೇಡಿಯೋ, ಟೇಪ್‌ರೆಕಾರ್ಡರು, ಮೈಕ್‌ಸೆಟ್ಟಿನ ಆಂಪ್ಲಿಫೈಯರು ಎಲ್ಲ ರಿಪೇರಿಗೆ ಬರುತ್ತಿದ್ದವು. ನನಗೆ ಹದಿನೇಳು ವರ್ಷವಾಗಿದ್ದಾಗ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಒಂದು ಟೇಪ್ ಡೆಕ್ ತಂದಿಟ್ಟು ಹೋದರು. ಆಮೇಲೆ ಅವರಿಗೆ ಬೇರೆ ಕಡೆ ಕೆಲಸವಾಯಿತಂತೆ, ತಿರುಗಿ ಬರಲಿಲ್ಲ. ಡೆಕ್ಕಿನೊಳಗೆ ಒಂದು ಕ್ಯಾಸೆಟ್ ಸಿಕ್ಕಿಕೊಂಡಿತ್ತು. ಹೆಸರಿಲ್ಲ, ನೀಲಿ ಶಾಯಿಯಲ್ಲಿ ಒಂದು ಗ್ರಹ, ಅದರ ಸುತ್ತ ಒಂದು ಬಳೆ, ಅಷ್ಟೇ. ಡೆಕ್ ಸರಿಯಾದ ಮೇಲೆ ಪರೀಕ್ಷೆಗೆಂದು ಅದನ್ನೇ ಹಾಕಿದೆ.

ಮೊದಲು ಒಂದು ಗುಂಯ್ ಎನ್ನುವ ಸದ್ದು ಬಂತು. ವೈರಿಂಗ್ ಸರಿಯಾಗಿಲ್ಲ ಎಂದುಕೊಂಡು ಮುಚ್ಚಳ ಬಿಚ್ಚಲು ಹೊರಟೆ. ಅಷ್ಟರಲ್ಲಿ ಆ ಗುಂಯ್ ಮೇಲೆ ಇನ್ನೊಂದು ಸ್ವರ ಕೂತಿತು, ಅದರ ಕೆಳಗೆ ಬೇಸ್ ಗಿಟಾರ್ ನಿಧಾನವಾಗಿ ನಡೆಯತೊಡಗಿತು. ನಾನು ಹಾಡುವವರಿಗಾಗಿ ಕಾದೆ. ಯಾರೂ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನಾನು ಕಾಯುವುದನ್ನು ಬಿಟ್ಟಿದ್ದೇನೆ ಎಂದು ನನಗೇ ತಿಳಿಯಿತು. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಒಂದೇ ತುಣುಕು, ಇಪ್ಪತ್ತಮೂರು ನಿಮಿಷ. ಅಪ್ಪ ತಲೆಯೆತ್ತಿ, "ಇದ್ರಲ್ಲಿ ಹಾಡೇ ಇಲ್ವಲ್ಲೇ, ಬರೀ ಹಿನ್ನೆಲೆ" ಎಂದರು. "ಇದೇ ಮುನ್ನೆಲೆ ಅಪ್ಪ" ಎಂದೆ. ಅವರು ನಕ್ಕು ಸೋಲ್ಡರಿಂಗಿಗೆ ತಲೆ ಬಗ್ಗಿಸಿದರು.

ಆ ಕ್ಯಾಸೆಟ್ಟಿನ ತಂಡ ಯಾವುದೆಂದು ಗೊತ್ತಾಗಲು ಆರು ವರ್ಷ ಬೇಕಾಯಿತು, ಊರಿಗೆ ಇಂಟರ್ನೆಟ್ ಬರಬೇಕಾಯಿತು. ಅದು ಬಂದ ಮೇಲೆ ಒಂದರ ಬಾಲ ಹಿಡಿದು ಇನ್ನೊಂದಕ್ಕೆ ಹೋದೆ. ಜರ್ಮನಿಯವು, ಜಪಾನಿನವು, ಯಾವುದೋ ಪುಟ್ಟ ಊರಿನ ಮೂರು ಜನ ತಮ್ಮ ಗ್ಯಾರೇಜಿನಲ್ಲಿ ರೆಕಾರ್ಡ್ ಮಾಡಿ ಬಿಟ್ಟವು. ಮಾತೇ ಇಲ್ಲದ ಆಲ್ಬಂಗಳು. ಇಂಗ್ಲಿಷಿನಲ್ಲಿ ಹಾಡಿದ್ದರೆ ನನಗೆ ಅರ್ಧ ಅರ್ಥವಾಗದೆ ಹೊರಗೇ ನಿಲ್ಲುತ್ತಿದ್ದೆ. ಇಲ್ಲಿ ಎಲ್ಲರಿಗೂ ಒಂದೇ ಬಾಗಿಲು.

ಗೆಳೆಯ ಬಂದದ್ದು ಆ ಕಾಲದಲ್ಲಿ. ಎಡಿಟಿಂಗ್ ಮಾಡುವ ಕಂಪ್ಯೂಟರು ಸುಟ್ಟುಹೋಗಿತ್ತೆಂದು ಶೃಂಗೇರಿಯಿಂದ ಹೊತ್ತು ತಂದಿದ್ದ. ನಾನು ಕೆಲಸ ಮಾಡುವಾಗ ಆ ಇಪ್ಪತ್ತಮೂರು ನಿಮಿಷದ ತುಣುಕು ಹಾಕಿಕೊಂಡಿದ್ದೆ. ಅವನು ಸ್ಟೂಲಿನ ಮೇಲೆ ಕೂತು ಸುಮಾರು ಹೊತ್ತು ಸಹಿಸಿ, "ಎಂತ ಮಾರಾಯ್ತಿ, ಹಾಡೋರು ಯಾವಾಗ ಬರ್ತಾರೆ?" ಎಂದ. ನಾನು ನಗಲಿಲ್ಲ. ನಾನೂ ಹಾಗೇ ಕಾದವಳು. "ಬರಲ್ಲ. ಬರ್ದೇ ಇರೋದನ್ನೇ ಕೇಳು" ಎಂದೆ.

ಆಮೇಲೆ ವಾರಕ್ಕೊಮ್ಮೆ ಬರುತ್ತಿದ್ದ. ಹದಿನಾಲ್ಕು ವರ್ಷ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕೇಳುತ್ತಿದ್ದೆವು. ಎಲ್ಲಿ ಕಿವಿ ಇಡಬೇಕೆಂದು ನಾನು ಬೆರಳೆತ್ತಿ ತೋರಿಸುತ್ತಿದ್ದೆ. "ಈಗ ಡ್ರಮ್ ನಿಂತಿತು. ನಿಂತದ್ದು ನಮಗೆ ಒಂದು ನಿಮಿಷ ಬಿಟ್ಟು ಗೊತ್ತಾಗುತ್ತೆ ನೋಡು" ಎಂದಿದ್ದೆ ಒಮ್ಮೆ. ಮುಚ್ಚಿಹೋದ ಟಾಕೀಸಿನಿಂದ ಸ್ಪೀಕರುಗಳು ಸಿಕ್ಕಾಗ ಹಲಸಿನ ಹಲಗೆಯಲ್ಲಿ ಎರಡು ಜೊತೆ ಪೆಟ್ಟಿಗೆ ಮಾಡಿ, ಒಂದು ಜೊತೆ ಅವನಿಗೆ ಕೊಟ್ಟೆ. ಊರು ಮಾತಾಡಿತು. ನಮ್ಮ ನಡುವೆ ಪ್ರೀತಿ ಇತ್ತೇ ಎಂದು ಇವತ್ತಿಗೂ ಕೇಳುವವರಿದ್ದಾರೆ. ಇರಲಿಲ್ಲ. ಇದ್ದಿದ್ದರೆ ಇದನ್ನು ಮರೆಯುವುದು ಸುಲಭವಾಗುತ್ತಿತ್ತು. ಪ್ರೀತಿಯಲ್ಲಿ ಮೋಸ ಹೋದವರಿಗೆ ಜೊತೆ ಕೊಡುವವರು ಬೇಕಾದಷ್ಟು ಜನ ಇರುತ್ತಾರೆ.

ಗಿರಣಿ ಹಿಡಿದ ಮೇಲೆ ಅವನು ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ನನಗೆ ಬೇಸರವಾಗಿತ್ತು, ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಆ ವಿಡಿಯೋ ನೋಡಿದ ದಿನ.

ಆವತ್ತು ಸಂಜೆ ನನ್ನ ಮೊಬೈಲಿನಲ್ಲಿ ಅದನ್ನು ಹುಡುಕಿ ಪೂರ್ತಿ ನೋಡಿದೆ. ನನ್ನ ಒಂದೊಂದು ಮಾತೂ ಅವನ ಬಾಯಲ್ಲಿ ಬಂತು. ಡ್ರಮ್ ನಿಂತದ್ದು ಒಂದು ನಿಮಿಷ ಬಿಟ್ಟು ಗೊತ್ತಾಗುವುದೂ ಬಂತು. ಸ್ಪೀಕರುಗಳ ಬಗ್ಗೆ ಕೇಳಿದಾಗ "ನಾನೇ ಡಿಸೈನ್ ಕೊಟ್ಟು ಒಬ್ರು ಆಚಾರಿ ಹತ್ರ ಮಾಡ್ಸಿದ್ದು" ಎಂದ. ಅದನ್ನೂ ಸಹಿಸಬಹುದಿತ್ತು. ಕದ್ದವನು ಕದ್ದದ್ದನ್ನು ತನ್ನದೆನ್ನುವುದು ಸಹಜ. ಆದರೆ ತನ್ನ ದಡ್ಡತನವನ್ನು ತಂದು ನನ್ನ ತಲೆಗೆ ಕಟ್ಟಿ, ಅದನ್ನು ನೋಡಿ ಜನ ನಗುವಂತೆ ಮಾಡಿದನಲ್ಲ! ಫೋನ್ ಮಾಡಿ ಬೈಯೋಣ ಎಂದುಕೊಂಡೆ. ಬೈದರೆ ಅವನು "ಅಯ್ಯೋ ತಮಾಷೆಗೆ ಹೇಳಿದ್ದು ಮಾರಾಯ್ತಿ" ಎನ್ನುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ಅಷ್ಟು ಅಗ್ಗಕ್ಕೆ ಬಿಡುವ ಮನಸ್ಸಿರಲಿಲ್ಲ. ಸುಮ್ಮನಿದ್ದೆ. ದಿನಾ ಬೆಳಿಗ್ಗೆ ಅಂಗಡಿ ತೆರೆದು, ಕೆಲಸ ಶುರು ಮಾಡುವ ಮೊದಲು, ಅವನು ಆ ಮಾತು ಹೇಳುವ ಜಾಗಕ್ಕೆ ಹೋಗಿ ಒಮ್ಮೆ ಕೇಳುತ್ತಿದ್ದೆ. ಸಿಟ್ಟು ಆರಬಾರದಲ್ಲ.

ತಿಂಗಳಾದ ಮೇಲೆ ಅವನದೇ ಫೋನ್ ಬಂತು.

"ಆಂಪ್ಲಿಫೈಯರ್ ಗುಂಯ್ ಅಂತಿದೆ ಮಾರಾಯ್ತಿ. ಭಾನುವಾರ ಜನ ಬರ್ತಾರೆ. ಒಂದ್ಸಲ ಬಂದು ಹೋಗ್ತ್ಯಾ?"

"ಅದಕ್ಕೆಂತ, ಬರ್ತೇನೆ" ಎಂದೆ.

ಶುಕ್ರವಾರ ಬಸ್ಸು ಹತ್ತಿ ನರಸಿಂಹರಾಜಪುರಕ್ಕೆ ಹೋದೆ. ಗಿರಣಿ ನಿಜಕ್ಕೂ ಚೆನ್ನಾಗಿತ್ತು. ಎತ್ತರದ ಹೆಂಚಿನ ಮಾಡು, ಹಳೆಯ ಮರದ ತೊಲೆಗಳು, ತೌಡಿನ ವಾಸನೆ ಇನ್ನೂ ಗೋಡೆಯಲ್ಲಿತ್ತು. ಇಂಥ ಕೋಣೆಯಲ್ಲಿ ನನ್ನ ಸ್ಪೀಕರುಗಳನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಗುಂಯ್ ಸದ್ದಿಗೆ ಕಾರಣ ಸಡಿಲವಾದ ಒಂದು ಅರ್ಥಿಂಗ್ ವೈರು. ಹತ್ತು ನಿಮಿಷದ ಕೆಲಸ. ಅವನು ಹೊರಗೆ ಯಾರ ಜೊತೆಗೋ ಫೋನಿನಲ್ಲಿದ್ದ. ನಾನು ಬಲಗಡೆಯ ಸ್ಪೀಕರಿನ ಹಿಂದೆ ಬಗ್ಗಿ, ಕೆಂಪು ವೈರನ್ನು ಕಪ್ಪಿನ ಜಾಗಕ್ಕೂ ಕಪ್ಪನ್ನು ಕೆಂಪಿನ ಜಾಗಕ್ಕೂ ಹಾಕಿದೆ.

ಇದು ಏನು ಮಾಡುತ್ತದೆಂದು ಹೇಳುತ್ತೇನೆ. ಎರಡು ಸ್ಪೀಕರುಗಳು ಒಟ್ಟಿಗೆ ಗಾಳಿಯನ್ನು ಮುಂದಕ್ಕೆ ತಳ್ಳಬೇಕು, ಒಟ್ಟಿಗೆ ಹಿಂದಕ್ಕೆ ಎಳೆಯಬೇಕು. ಒಂದರ ವೈರು ಅದಲುಬದಲಾದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಕೆಳಗಿನ ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಬೇಸ್ ಸತ್ತುಹೋಗುತ್ತದೆ, ನಡುವೆ ನಿಲ್ಲಬೇಕಾದ ವಾದ್ಯ ಎಲ್ಲೋ ಚದುರಿಹೋಗುತ್ತದೆ. ಏನೂ ಸುಡುವುದಿಲ್ಲ, ಏನೂ ಒಡೆಯುವುದಿಲ್ಲ. ಕಿವಿ ಇದ್ದವನು ಕೂತ ಎರಡನೇ ನಿಮಿಷಕ್ಕೆ ಎದ್ದು ವೈರು ನೋಡುತ್ತಾನೆ.

ಅವನು ಒಳಗೆ ಬಂದ. ಒಂದು ರೆಕಾರ್ಡ್ ಹಾಕಿದ. ಕಣ್ಣು ಮುಚ್ಚಿ, ತಲೆ ತೂಗುತ್ತಾ ಐದು ನಿಮಿಷ ನಿಂತ. ನಾನು ಟೂಲ್ ಬ್ಯಾಗಿನ ಜಿಪ್ ಎಳೆಯುತ್ತಾ ಅವನ ಮುಖವನ್ನೇ ನೋಡುತ್ತಿದ್ದೆ. ಈಗ ಕಣ್ಣು ಬಿಡುತ್ತಾನೆ, ಈಗ ಹುಬ್ಬು ಗಂಟಿಕ್ಕುತ್ತಾನೆ ಎಂದು ಕಾಯುತ್ತಿದ್ದೆ.

"ಸೂಪರ್" ಎಂದ. "ಎಂತ ಮಾಡಿದೆ ಮಾರಾಯ್ತಿ? ಮೊದಲಿಗಿಂತ ಕ್ಲಿಯರ್ ಆಗಿದೆ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೊಪ್ಪದವರೆಗೂ ನಗುತ್ತಾ ಬಂದೆ. ಪಕ್ಕದ ಹೆಂಗಸು ಎರಡು ಸಲ ತಿರುಗಿ ನೋಡಿದಳು. ಬಹಳ ವರ್ಷಗಳಿಂದ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ.

ಅಲ್ಲಿಂದ ಎಂಟು ಭಾನುವಾರ ಹಾಗೇ ನಡೆಯಿತು. ಪ್ರತಿ ಸೋಮವಾರ ಅವನು ಫೋಟೋ ಹಾಕುತ್ತಿದ್ದ, ಬಂದವರ ಅಭಿಪ್ರಾಯ ಹಾಕುತ್ತಿದ್ದ. ನಾನು ಒಂದನ್ನೂ ಬಿಡದೆ ಓದಿದೆ. "ಸಂಗೀತ ಎಲ್ಲೆಲ್ಲಿಂದಲೋ ಬಂದ ಹಾಗಿತ್ತು", "ನೆಲವೇ ಇಲ್ಲದ ಹಾಗೆ ತೇಲಿದೆ" ಎಂದೆಲ್ಲ ಬರೆಯುತ್ತಿದ್ದರು. ಬೇಸ್ ಸತ್ತರೆ ನೆಲ ಎಲ್ಲಿಂದ ಬರಬೇಕು! ಅವನು ಅದನ್ನೇ ಪ್ರಚಾರ ಮಾಡಿಕೊಂಡ: ಇಲ್ಲಿ ನೆಲ ಕರಗುತ್ತದೆ, ಬನ್ನಿ ಎಂದು. ಅದನ್ನು ಓದಿ ಚಪ್ಪಾಳೆ ಹೊಡೆದೆ. ಒಬ್ಬಳೇ, ಅಂಗಡಿಯಲ್ಲಿ ನಿಂತು.

ಆದರೆ ಒಂದು ಕೆಟ್ಟದ್ದೂ ಆಯಿತು. ಹಿಂದಿನ ಕೋಣೆಯಲ್ಲಿ ನನ್ನ ಸ್ಪೀಕರುಗಳ ಎದುರು ಕೂತರೆ, ಎಲ್ಲ ಸರಿಯಿದ್ದೂ ಟೊಳ್ಳು ಕೇಳಿಸತೊಡಗಿತು. ಎದ್ದು ವೈರು ನೋಡುವುದು, ಕೂರುವುದು, ಮತ್ತೆ ಏಳುವುದು. ಆ ಇಪ್ಪತ್ತಮೂರು ನಿಮಿಷವನ್ನು ಒಮ್ಮೆಯೂ ಪೂರ್ತಿ ಕೇಳಲಾಗಲಿಲ್ಲ. ಕೇಳುವಾಗಲೆಲ್ಲ ಗಿರಣಿಯಲ್ಲಿ ತಲೆ ತೂಗುವ ಅವನ ಮುಖ ಕಾಣುತ್ತಿತ್ತು. ಇನ್ನು ಇದನ್ನು ಮುಗಿಸಬೇಕು ಎಂದು ತೀರ್ಮಾನಿಸಿದೆ. ಗುಟ್ಟಿನ ಸೇಡು ಸಾಕಾಗಿತ್ತು. ಅವನಿಗೆ ಗೊತ್ತಾಗಬೇಕು, ನಾಲ್ಕು ಜನರೆದುರು ಗೊತ್ತಾಗಬೇಕು.

ಒಂಬತ್ತನೆಯ ಭಾನುವಾರ ಹೇಳದೆ ಹೋದೆ. ಸುಮಾರು ಇಪ್ಪತ್ತು ಜನ ಇದ್ದರು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಮಧ್ಯಾಹ್ನದ ಮೂರು ಗಂಟೆಯನ್ನು ಅರೆಗತ್ತಲು ಮಾಡಿದ್ದ. ನಾನು ಬಾಗಿಲ ಹತ್ತಿರದ ಹಾಸಿಗೆಯಲ್ಲಿ ಕೂತೆ. ನನ್ನ ಪಕ್ಕದಲ್ಲಿ ವಯಸ್ಸಾದವರೊಬ್ಬರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಶೃಂಗೇರಿಯಲ್ಲಿ ಮೃದಂಗ ಹೇಳಿಕೊಡುವ ಮೇಷ್ಟರಂತೆ, ಇದೆಲ್ಲ ಎಂತದು ಎಂದು ನೋಡಲು ಬಂದವರು.

ಗೆಳೆಯ ಮಾತು ಶುರು ಮಾಡಿದ. ಡ್ರಮ್ ನಿಂತದ್ದು ಒಂದು ನಿಮಿಷ ಬಿಟ್ಟು ಗೊತ್ತಾಗುತ್ತದೆ, ಗಮನಿಸಿ ಎಂದ. ಆಮೇಲೆ ಆ ಕತೆಗೆ ಬಂದ. "ಕೊಪ್ಪದಲ್ಲಿ ಒಬ್ಳು ರಿಪೇರಿಯವಳು ಇದ್ಳು..." ಎನ್ನುತ್ತಾ ಸಾಲುಗಳ ಮೇಲೆ ಕಣ್ಣಾಡಿಸಿದ. ಆ ಕಣ್ಣು ನನ್ನ ಮೇಲೆ ಬಂದು ನಿಂತಿತು. ಮಾತೂ ನಿಂತಿತು. ಒಂದು ಗಳಿಗೆಯಷ್ಟೇ. "ಒಬ್ರು ಇದ್ರು, ಇರ್ಲಿ ಬಿಡಿ, ಸಂಗೀತ ಕೇಳೋಣ" ಎಂದು ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ.

ಅದೇ ಇಪ್ಪತ್ತಮೂರು ನಿಮಿಷದ ತುಣುಕು. ನಾನು ಮೂರು ನಿಮಿಷ ಸಹಿಸಿದೆ. ಬೇಸ್ ಗಿಟಾರ್ ನಡೆಯಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಎದ್ದು ಹಾಸಿಗೆಗಳ ನಡುವೆ ದಾಟಿಕೊಂಡು ಮುಂದೆ ಹೋದೆ, ಮುಳ್ಳನ್ನು ಎತ್ತಿದೆ.

"ಎಂತ ಮಾಡ್ತಿದ್ದೀಯ?" ಎಂದ ಅವನು ಸಣ್ಣ ದನಿಯಲ್ಲಿ.

"ರಿಪೇರಿ" ಎಂದೆ.

ಆಂಪ್ಲಿಫೈಯರ್ ಆರಿಸಿ, ಬಲಗಡೆಯ ಸ್ಪೀಕರಿನ ಹಿಂದೆ ಬಗ್ಗಿ ವೈರುಗಳನ್ನು ಅವುಗಳ ಜಾಗಕ್ಕೆ ಹಾಕಿದೆ. ಆಂಪ್ಲಿಫೈಯರ್ ಹಾಕಿ ಮತ್ತೆ ಮೊದಲಿನಿಂದ ಮುಳ್ಳಿಟ್ಟೆ. ಗುಂಯ್ ಬಂತು, ಅದರ ಮೇಲಿನ ಸ್ವರ ಬಂತು, ಆಮೇಲೆ ಬೇಸ್ ಬಂತು. ಗಿರಣಿಯ ನೆಲದಡಿಯಿಂದ ಎದ್ದು ಬಂದ ಹಾಗೆ ಬಂತು. ಜನ ಹಾ ಎಂದರು. ಮಲಗಿದ್ದ ಕೆಲವರು ಎದ್ದು ಕೂತರು. ಮೃದಂಗದ ಮೇಷ್ಟರು ಅಂಗೈಯನ್ನು ನೆಲಕ್ಕೆ ಊರಿದರು.

"ಇದೀಗ ಸರಿಯಾಯ್ತು" ಎಂದು ಗಟ್ಟಿಯಾಗಿ ಹೇಳಿದರು. "ಆಗ ಎಡಗೈಯ ಗುಮ್ಮೆನ್ನುವ ನಾದವೇ ಇರ್ಲಿಲ್ಲ ನೋಡಿ. ಬರೀ ಬಲಗೈ ನುಡಿಸಿದ ಹಾಗಿತ್ತು."

ನಾನು ಸದ್ದು ತಗ್ಗಿಸಿ ಹೇಳಿದೆ: "ಒಂಬತ್ತು ವಾರದಿಂದ ಒಂದು ವೈರು ತಿರುಗಿತ್ತು. ತಿರುಗಿಸಿದ್ದು ನಾನು. ಇವರು ಒಂಬತ್ತು ವಾರ ಇದರ ಎದುರು ಕೂತು ನಿಮಗೆ ಪಾಠ ಮಾಡಿದ್ದಾರೆ, ಗೊತ್ತಾಗಲಿಲ್ಲ. ಕೊಪ್ಪದ ರಿಪೇರಿಯವಳು ನಾನೇ. ಹಾಡೋರು ಯಾವಾಗ ಬರ್ತಾರೆ ಅಂತ ಕೇಳಿದ್ದು ಇವರು. ಈ ಪೆಟ್ಟಿಗೆ ಮಾಡಿದ್ದೂ ನಾನೇ. ಕೆಳಗಡೆ ಹಲಗೆ ಮೇಲೆ ನಮ್ಮಪ್ಪನ ಅಂಗಡಿ ಸೀಲು ಇದೆ, ಬಗ್ಗಿ ನೋಡಿ."

ಒಬ್ಬಳು ನಿಜಕ್ಕೂ ಬಗ್ಗಿ ಮೊಬೈಲು ಬೆಳಕು ಬಿಟ್ಟು ನೋಡಿದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ, "ನಂಗೆ ಮೊದಲಿನದ್ದೇ ಚೆನ್ನಾಗಿತ್ತಪ್ಪ, ತೇಲಿದ ಹಾಗೆ" ಎಂದ. ಅವನನ್ನು ಒದೆಯಬೇಕೆನಿಸಿತು.

ಗೆಳೆಯ ನನ್ನ ಹತ್ತಿರ ಬಂದ. "ಇಷ್ಟು ವಾರ ನೀನು ಹಾಳು ಮಾಡಿದ್ದು ನಿನ್ನ ಸಂಗೀತಾನೇ ಅಲ್ವಾ?" ಎಂದ.

ಅದು ತಾಗಿತು. ಮುಳ್ಳನ್ನು ಮತ್ತೆ ಮೊದಲಿಗೆ ತಂದಿಟ್ಟೆ. ಸದ್ದು ಜಾಸ್ತಿ ಮಾಡಿ ಹೊರಗೆ ಬಂದೆ. ಗಿರಣಿಯ ಬಾಗಿಲಲ್ಲಿ ನಿಂತು ಇಪ್ಪತ್ತಮೂರು ನಿಮಿಷವನ್ನೂ ಕೇಳಿದೆ. ಒಳಗೆ ಯಾರೂ ಅದನ್ನು ನಿಲ್ಲಿಸಲಿಲ್ಲ. ಬಿಸಿಲಲ್ಲಿ ನಿಂತವಳಿಗೆ ಡ್ರಮ್ ನಿಂತದ್ದು ಈ ಸಲವೂ ತಡವಾಗಿಯೇ ತಿಳಿಯಿತು.

ಆಮೇಲೆ ಎರಡು ಭಾನುವಾರ ನಡೆಸಿದನಂತೆ. ಬಂದವರೆಲ್ಲ ವೈರಿನ ಕತೆ ಕೇಳುತ್ತಿದ್ದರಂತೆ. ಮೂರನೆಯ ಭಾನುವಾರ ಬೀಗ ಹಾಕಿದ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬಂದ. ಕೈಯಲ್ಲಿ ರಿಪೇರಿಗೆ ಏನೂ ಇರಲಿಲ್ಲ. ನಾನು ಒಂದು ಇನ್ವರ್ಟರ್ ಬಿಚ್ಚಿಕೊಂಡು ಕೂತಿದ್ದೆ. ಸ್ಟೂಲನ್ನು ತಾನೇ ಎಳೆದುಕೊಂಡು ಕೂತ.

"ಒಂದು ಹೇಳ್ಬೇಕಿತ್ತು" ಎಂದ. "ನೀನು ವೈರು ಸರಿ ಮಾಡಿದ ಮೇಲೂ ನಂಗೆ ಎಂತ ವ್ಯತ್ಯಾಸವೂ ಗೊತ್ತಾಗ್ಲಿಲ್ಲ ಮಾರಾಯ್ತಿ. ಎಲ್ರೂ ಹಾ ಅಂದ್ರು, ನಾನೂ ಅಂದೆ."

ನಾನು ಸ್ಕ್ರೂ ಬಿಚ್ಚುವುದನ್ನು ನಿಲ್ಲಿಸಲಿಲ್ಲ.

"ಮೊದ್ಲಿಂದ್ಲೂ ಹಂಗೇನಾ?" ಎಂದು ಕೇಳಿದೆ.

"ಮೊದ್ಲಿಂದ್ಲೂ. ನೀನು ಬೆರಳೆತ್ತಿದಾಗ ತಲೆ ಆಡಿಸ್ತಿದ್ದೆ. ನೀನು ಹೇಳಿದ್ದು ಚೆಂದ ಇರ್ತಿತ್ತು, ಅದು ನೆನಪಲ್ಲಿ ಉಳೀತಿತ್ತು. ಸಂಗೀತ ಉಳೀತಿರ್ಲಿಲ್ಲ." ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, "ಒಂದ್ಸಲ ಮತ್ತೆ ಕೂರ್ಸಿ ಕೇಳಿಸ್ತ್ಯಾ? ಬರೀ ಆ ಬೇಸ್ ಎಲ್ಲಿದೆ ಅಂತ ತೋರ್ಸು" ಎಂದ.

"ಆ ಸಂದರ್ಶನದಲ್ಲಿ ಹೇಳಿದ್ದು ಸುಳ್ಳು ಅಂತ ಇನ್ನೊಂದು ವಿಡಿಯೋದಲ್ಲಿ ಹೇಳ್ತೀಯಾ?"

"ಅದೆಲ್ಲ ಈಗ ಎಂತಕ್ಕೆ? ಮುಗಿದ ಕತೆ."

ಹದಿನಾಲ್ಕು ವರ್ಷ ಅವನು ಏನೂ ಕೇಳದೆ ನನ್ನೆದುರು ಕೂತಿದ್ದ ಎಂಬುದು ಆಗ ನಿಧಾನವಾಗಿ ಒಳಗಿಳಿಯಿತು. ಕನಿಕರ ಬರಬೇಕಿತ್ತೇನೋ. ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು, ಆಂಪ್ಲಿಫೈಯರ್ ಬಿಸಿಯಾಗಿಯೇ ಇತ್ತು. ಅವನ ಅಂಗೈಯನ್ನು ಪೆಟ್ಟಿಗೆಯ ಹಲಗೆಗೆ ಒತ್ತಿ ಹಿಡಿದಿದ್ದರೆ ಸಾಕಿತ್ತು, ಕಿವಿಗೆ ಸಿಗದ್ದು ಕೈಗೆ ಸಿಗುತ್ತಿತ್ತು. ಎಷ್ಟು ಸುಲಭವೆಂದು ನನಗೆ ಗೊತ್ತಿತ್ತು.

"ಇವತ್ತು ಕೆಲಸ ಇದೆ" ಎಂದೆ.

"ನಾಳೆ?"

"ನಾಳೆಯೂ ಇದೆ."

ಅವನು ಎದ್ದು ಹೋದ. ಮೆಟ್ಟಿಲಿಳಿಯುವ ಸದ್ದು ಕೇಳಿಸಿತು, ಶೃಂಗೇರಿ ಬಸ್ಸಿನ ಕಂಡಕ್ಟರ್ ಕೂಗುವುದು ಕೇಳಿಸಿತು. ಇನ್ವರ್ಟರಿನ ಮುಚ್ಚಳ ಎತ್ತಿದೆ. ಒಳಗೆ ಇರುವೆ ಗೂಡು ಕಟ್ಟಿತ್ತು. ಬ್ರಷ್ ತೆಗೆದುಕೊಂಡು ಗುಡಿಸತೊಡಗಿದೆ.